ಹನ್ನೊಂದು ಗಂಟೆಯ ಮುಟಗಿ

ಹಗಲು ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಇರುತ್ತಿದ್ದವರು ಇಬ್ಬರೇ, ನಾನು ಮತ್ತು ನನ್ನ ಅತ್ತೆ. ಗಂಡ ಬೆಳಗಿನ ಬಸ್ಸಿಗೆ ಜತ್ತಕ್ಕೆ ಹೋದರೆ ತಿರುಗಿ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿ ಡ್ರಿಪ್ ಪೈಪು ಮಾರುವ ಅಂಗಡಿಯಲ್ಲಿ ಅವರ ಕೆಲಸ. ಮಾವ ನಾನು ಮದುವೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ನಮಗೆ ಮಕ್ಕಳಾಗಲಿಲ್ಲ. ಮನೆ ಊರೊಳಗಲ್ಲ, ತಿಕೋಂಡಿಯ ರಸ್ತೆಗೆ ಹತ್ತಿದ ಹೊಲದಲ್ಲಿ. ಪಕ್ಕದ ಮನೆಯ ಹೆಂಗಸು ಕೂಗಿದರೆ ಕೇಳಿಸುತ್ತದೆ, ಮಾತಾಡಿದರೆ ಕೇಳಿಸುವುದಿಲ್ಲ, ಅಷ್ಟು ದೂರ.

ನನ್ನ ಕೆಲಸ ಏನೆಂದು ಸುತ್ತಲಿನವರಿಗೆ ಹೇಳಿ ತಿಳಿಸುವುದು ಈಗಲೂ ಕಷ್ಟ. ಪುಣೆಯ ಒಂದು ಕಚೇರಿಯವರು ಧ್ವನಿಮುದ್ರಿಕೆಗಳನ್ನು ಕಳಿಸುತ್ತಾರೆ. ಗ್ರಾಮಸಭೆಯ ಜಗಳ, ಹೆಣ್ಣುಮಕ್ಕಳ ಉಳಿತಾಯ ಗುಂಪಿನ ಚರ್ಚೆ, ಸರ್ವೆಯವರು ಮನೆಮನೆಗೆ ಹೋಗಿ ಕೇಳಿದ ಪ್ರಶ್ನೆ, ಅದಕ್ಕೆ ಬಂದ ಉತ್ತರ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದನ್ನೆಲ್ಲ ಕೇಳಿ, ಒಂದು ಮಾತೂ ಬಿಡದೆ ಟೈಪು ಮಾಡಿ ಕಳಿಸಬೇಕು. ನಮ್ಮ ಗಡಿಯ ಕಡೆ ಮಂದಿ ಮರಾಠಿಯಲ್ಲಿ ಶುರು ಮಾಡಿದ ಮಾತನ್ನು ಕನ್ನಡದಲ್ಲಿ ಮುಗಿಸುತ್ತಾರೆ. ನಡುವೆ ದನ ಕೂಗುತ್ತದೆ, ಗಾಳಿ ಬೀಸುತ್ತದೆ, ಯಾರೋ ಮುದುಕರು ಹಲ್ಲಿಲ್ಲದ ಬಾಯಿಯಿಂದ ನಡುವೆ ಬಾಯಿ ಹಾಕುತ್ತಾರೆ. ಅಂಥ ಕಡತಗಳೆಲ್ಲ ನನ್ನ ಪಾಲಿಗೆ ಬರುತ್ತಿದ್ದವು. ನಾನು ಬಾಲಗಾಂವದ ಕನ್ನಡ ಸಾಲೆಯಲ್ಲಿ ಕಲಿತವಳು, ಕಾಲೇಜು ಮರಾಠಿಯಲ್ಲಿ ಆಯಿತು. ಎರಡೂ ನನಗೆ ಮನೆಮಾತೇ.

ಅತ್ತೆಗೆ ಮೊದಲಿಗೆ ಇದು ಕೆಲಸ ಅನ್ನಿಸಲೇ ಇಲ್ಲ. ಪಕ್ಕದ ಮನೆಯವಳ ಮುಂದೆ ಹೇಳುತ್ತಿದ್ದರು, "ನಮ್ಮ ಸೊಸಿ ದಿನಾ ಕುಂತು ಮಂದಿ ಮಾತ ಕೇಳತಾಳ. ಮನ್ಯಾಗಿನ ಮಾತ ಮಾತ್ರ ಕೇಳಂಗಿಲ್ಲ."

ಒಂದು ದಿನ ಬೇಗ ಕಳಿಸಬೇಕಾದ ಕೆಲಸವಿತ್ತು. ಬೆಳಿಗ್ಗೆ ಚಹ ಕುಡಿದವಳು ಮತ್ತೇನೂ ತಿಂದಿರಲಿಲ್ಲ. ಹನ್ನೊಂದರ ಸುಮಾರಿಗೆ ಯಾರೋ ಹಿಂದಿನಿಂದ ಬಂದು ಹೆಡ್‌ಫೋನನ್ನು ಕಿವಿಯಿಂದ ಕಿತ್ತು ಮೇಜಿನ ಮೇಲಿಟ್ಟರು. ಅತ್ತೆ ನಿಂತಿದ್ದರು, ಕೈಯಲ್ಲಿ ಒಂದು ಮುಟಗಿ.

"ತಿನ್ನ. ಆ ಮಂದಿ ಎಲ್ಲೂ ಓಡಿ ಹೋಗಂಗಿಲ್ಲ" ಅಂದರು.

ಮುಟಗಿ ಅಂದರೆ ಹಂಚಿನಿಂದ ಆಗಷ್ಟೇ ತೆಗೆದ ಬಿಸಿ ಜೋಳದ ರೊಟ್ಟಿಯನ್ನು ಬೆಳ್ಳುಳ್ಳಿ, ಜೀರಿಗೆ, ಹಸಿಮೆಣಸಿನಕಾಯಿ, ಉಪ್ಪಿನ ಜೊತೆ ಕಲ್ಲಿನಲ್ಲಿ ಕುಟ್ಟಿ, ಶೇಂಗಾ ಎಣ್ಣೆ ಹಾಕಿ, ಮುಷ್ಟಿಯಲ್ಲಿ ಹಿಡಿದು ಕಟ್ಟಿದ್ದು. ಬೆರಳ ಗುರುತು ಅದರ ಮೇಲೆ ಹಾಗೇ ಇರುತ್ತದೆ. ನನ್ನ ತವರಿನಲ್ಲಿ ಅದನ್ನು ಎಳೆ ಮಕ್ಕಳಿಗೆ ಮಾಡಿಕೊಡುತ್ತಿದ್ದರು. ನಾನು ಅಂದು ಅದನ್ನು ತಿಂದು, ಕಣ್ಣಲ್ಲಿ ನೀರು ಬಂದು, ಮೂಗು ಸೇದಿಕೊಳ್ಳುತ್ತ, "ಇನ್ನೊಂದು ಐತೇನ್ರಿ?" ಎಂದು ಕೇಳಿದೆ. ಅತ್ತೆ ನಕ್ಕರು. ಅವರು ನನ್ನ ಮುಂದೆ ನಕ್ಕಿದ್ದು ಅದೇ ಮೊದಲು ಅಂದರೆ ಸುಳ್ಳಾಗಲಾರದು.

ಅಲ್ಲಿಂದ ಅದು ರೂಢಿಯಾಯಿತು. ಹನ್ನೊಂದರ ಹೊತ್ತಿಗೆ ನಾನು ಕಂಪ್ಯೂಟರು ಮುಚ್ಚಿ ಅಡಿಗೆಮನೆಯ ಹೊರಗಿನ ಕಟ್ಟೆಗೆ ಬರುತ್ತಿದ್ದೆ. ದಿನಾ ಮುಟಗಿಯೇ ಅಂತಲ್ಲ. ಒಮ್ಮೆ ರಾತ್ರಿಯ ರೊಟ್ಟಿ ಮುರಿದು ಒಗ್ಗರಣೆ ಹಾಕಿದ್ದು, ಒಮ್ಮೆ ಹುರಿದ ಶೇಂಗಾ ಮತ್ತು ಬೆಲ್ಲ, ಬೇಸಿಗೆಯಲ್ಲಿ ಜೋಳದ ನುಚ್ಚಿಗೆ ಮಜ್ಜಿಗೆ, ಬೋರೆಹಣ್ಣಿನ ಕಾಲದಲ್ಲಿ ಮಾಡಗ್ಯಾಳದ ಕಡೆಯಿಂದ ಬರುವ ದಪ್ಪ ಬೋರೆಹಣ್ಣು, ಉಪ್ಪು ಖಾರ ಹಚ್ಚಿಕೊಂಡು. ಅತ್ತೆ ತಿನ್ನುವಾಗ ಮಾತಾಡುತ್ತಿರಲಿಲ್ಲ. ಕಣ್ಣು ಅರ್ಧ ಮುಚ್ಚಿ, ಒಂದೊಂದು ತುತ್ತನ್ನೂ ಬಾಯಲ್ಲಿ ಆ ಕಡೆ ಈ ಕಡೆ ಹೊರಳಿಸಿ, ಪೂರಾ ನುಂಗಿದ ಮೇಲೇ ಇನ್ನೊಂದಕ್ಕೆ ಕೈ ಹಾಕುತ್ತಿದ್ದರು. ನಮ್ಮ ತವರಿನಲ್ಲಿ ಊಟ ಅಂದರೆ ಬೇಗ ಮುಗಿಸಿ ಏಳುವ ಕೆಲಸ. ಹೀಗೆ ಕುಳಿತು ತಿನ್ನಬಹುದೆಂದು ನನಗೆ ಕಲಿಸಿದವರು ಅವರು. ಮದುವೆಯಾಗಿ ವರ್ಷಗಟ್ಟಲೆ ಒಂದೇ ಸೂರಿನಡಿ ಇದ್ದೂ ನಮ್ಮಿಬ್ಬರ ನಡುವೆ ಹುಟ್ಟದ ಸಲಿಗೆ ಆ ಕಟ್ಟೆಯ ಮೇಲೆ ಹುಟ್ಟಿತು.

ತಿಂದಾದ ಮೇಲೆ ಅವರು ಸೊಂಟದ ಚೀಲದಿಂದ ಸಣ್ಣ ಡಬ್ಬಿ ತೆಗೆದು ಮಿಶ್ರಿ ಹಚ್ಚಿಕೊಳ್ಳುತ್ತಿದ್ದರು. ಸುಟ್ಟ ತಂಬಾಕಿನ ಕಪ್ಪು ಪುಡಿ ಅದು. ಬೆರಳಿಂದ ಹಲ್ಲಿಗೆ, ಒಸಡಿಗೆ ತಿಕ್ಕಿ ಗಲ್ಲದ ಸಂದಿಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಳ್ಳುವುದು. ನಮ್ಮ ಕಡೆ ಅವರ ವಯಸ್ಸಿನ ಹೆಂಗಸರಲ್ಲಿ ಹಚ್ಚದವರು ಕಡಿಮೆ. ನನಗೆ ಆ ವಾಸನೆ ಬೇಸರ ತರುತ್ತಿತ್ತು, ಅದಕ್ಕಿಂತ ಹೆಚ್ಚಿನದೇನೂ ನನಗೆ ತೋಚಿರಲಿಲ್ಲ.

ಕೆಲವು ವರ್ಷ ಹೀಗೇ ಹೋದವು. ಆಮೇಲೆ ಒಂದು ಬೇಸಿಗೆಯಲ್ಲಿ ಮುಟಗಿಯ ಖಾರ ಕಡಿಮೆಯಾಗುತ್ತ ಬಂತು. ಮೊದಲು ಮೆಣಸಿನಕಾಯಿ ಸಪ್ಪೆ ಬಂದಿದೆಯೇನೋ ಅಂದುಕೊಂಡೆ. ಒಂದು ದಿನ ಕೇಳಿಯೇ ಬಿಟ್ಟೆ, "ಏನ್ರೀ ಅತ್ತಿ, ಖಾರ ಹಾಕೋದ ಬಿಟ್ರೇನು?"

"ವಯಸ್ಸಾತವ್ವ, ಹೊಟ್ಟಿ ಉರಿತೈತಿ" ಅಂದರು.

ಮತ್ತೆ ಕೆಲವು ದಿನಗಳಲ್ಲಿ ಅವರು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನತೊಡಗಿದರು. ಶೇಂಗಾ ನನ್ನ ಕಡೆ ತಳ್ಳಿ ತಾವು ಬೆಲ್ಲದ ಚೂರನ್ನಷ್ಟೇ ಬಲಗಡೆಯ ಗಲ್ಲದಲ್ಲಿಟ್ಟುಕೊಂಡು ಕೂಡುತ್ತಿದ್ದರು. ಆಗ ನಾನು ಅವರ ಗಲ್ಲ ಹಿಡಿದು, ಬಾಯಿ ತೆಗೆಸಿ, ಮೊಬೈಲಿನ ಬೆಳಕು ಬಿಟ್ಟು ನೋಡಿದೆ. ಎಡಗಡೆ ಒಳಗೆ ಬೆಳ್ಳಗೆ ಅಂಚು ಕಟ್ಟಿದ ಹುಣ್ಣು. ನಾಲಗೆಯ ಬದಿಗೂ ಹತ್ತಿಕೊಂಡಿತ್ತು. ಎಂದಿನಿಂದ ಇದೆ ಎಂದು ಕೇಳಿದರೆ ಅವರು ಬೇರೆ ಕಡೆ ನೋಡಿದರು.

ಊರಿನ ಡಾಕ್ಟರು ಹಚ್ಚಲು ಏನೋ ಕೊಟ್ಟು, ಅದು ಮುಗಿಯುವ ಮೊದಲೇ ಮಿರಜಕ್ಕೆ ಹೋಗಿ ಎಂದರು. ಮಿರಜದ ಆಸ್ಪತ್ರೆಯಲ್ಲಿ ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ಅಲ್ಲಿನ ಡಾಕ್ಟರು ಮರಾಠಿಯಲ್ಲಿ ಎಷ್ಟು ವರ್ಷದಿಂದ ಮಿಶ್ರಿ ಹಚ್ಚುತ್ತೀರಿ ಎಂದು ಕೇಳಿದಾಗ ಅತ್ತೆ ಕನ್ನಡದಲ್ಲೇ ಉತ್ತರ ಕೊಟ್ಟರು.

"ಲಗ್ನಾಗಿ ಬಂದ ದಿನದಿಂದ. ನಮ್ಮತ್ತಿ ಕಲಿಸಿದ್ದು. ಹಸಿವಿ ಗೊತ್ತಾಗಂಗಿಲ್ಲ, ಹಚ್ಚಕೊ ಅಂದಿದ್ಲು."

ನಾನು ಅದನ್ನು ಡಾಕ್ಟರಿಗೆ ಮರಾಠಿಗೆ ತಿರುಗಿಸಿ ಹೇಳಬೇಕಾಯಿತು. ಅಷ್ಟು ಆಸೆಯಿಂದ ತಿನ್ನುವ ಹೆಂಗಸು ಯಾವ ಮನೆಗೆ ಸೊಸೆಯಾಗಿ ಬಂದಿದ್ದಳು, ಅಲ್ಲಿ ಅವಳಿಗೆ ಏನು ಸಿಕ್ಕಿತ್ತು ಎಂದು ನನಗೆ ಅಲ್ಲಿಯವರೆಗೆ ಯೋಚನೆಯೇ ಬಂದಿರಲಿಲ್ಲ.

ಮಳೆಗಾಲದಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಎಡಗಲ್ಲದ ಒಳಭಾಗವನ್ನೂ ನಾಲಗೆಯ ಒಂದು ಪಾಲನ್ನೂ ತೆಗೆದರು. ತೊಡೆಯ ಮಾಂಸ ತಂದು ಗಲ್ಲಕ್ಕೆ ಹೊಲಿದರು. ಮೂಗಿನಲ್ಲಿ ನಳಿಕೆ ಹಾಕಿ ಅದರಿಂದಲೇ ಆಹಾರ. ಆಸ್ಪತ್ರೆಯ ಗೇಟಿನ ಎದುರು ಒಬ್ಬ ಬಿಸಿ ಬಜಿ ಕರಿಯುತ್ತಿದ್ದ. ನಾನೂ ಗಂಡನೂ ಮೊದಲ ದಿನ ಅಲ್ಲಿ ಹೋಗಿ ನಿಂತೆವು. ಅವರು ಬಜಿ ಕೈಗೆ ತೆಗೆದುಕೊಂಡು ತಿನ್ನದೆ ನಿಂತರು.

"ನೀ ತಿನ್ನ, ಮ್ಯಾಲೆ ವಾರ್ಡಿನ್ಯಾಗ ಕುಂದ್ರಾಕ ಶಕ್ತಿ ಬೇಕಲ್ಲ" ಅಂದರು.

ನನಗೆ ವಿಪರೀತ ಹಸಿವಾಗಿತ್ತು. ನನ್ನದನ್ನೂ ಅವರದನ್ನೂ ನಾನೇ ತಿಂದೆ.

ಮನೆಗೆ ಬಂದ ಮೇಲೆ ಅತ್ತೆಯ ಮಾತು ಯಾರಿಗೂ ತಿಳಿಯದಂತಾಯಿತು. ಗಂಟಲಿನಿಂದ ಸ್ವರ ಬರುತ್ತಿತ್ತು, ಅದಕ್ಕೆ ಅಕ್ಷರ ಕೂಡುತ್ತಿರಲಿಲ್ಲ. ಹೆತ್ತ ಮಗ ಎದುರು ಕುಳಿತು "ಏನವ್ವ? ಇನ್ನೊಮ್ಮೆ ಹೇಳು" ಎಂದು ಕೇಳಿ ಕೇಳಿ ಸಾಕಾಗಿ ಹೊರಗೆ ಹೋಗಿಬಿಡುತ್ತಿದ್ದರು. ನನಗೆ ಮಾತ್ರ ಸ್ವಲ್ಪ ದಿನದಲ್ಲೇ ಎಲ್ಲ ತಿಳಿಯತೊಡಗಿತು. ಗಾಳಿಯಲ್ಲಿ ಹರಿದುಹೋದ ಮಾತು, ಹಲ್ಲಿಲ್ಲದವರ ಮಾತು ಕೇಳಿ ಪಳಗಿದ ಕಿವಿ ನನ್ನದು. ಹೀಗಾಗಿ ತಾಯಿ ಮಗನ ನಡುವೆ ನಾನು ಕುಳಿತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳುವ ಹಾಗಾಯಿತು. ಗಂಡನಿಗೆ ಇದು ಸಂಕಟ. ಒಮ್ಮೆ ಅವರು, "ಖರೇನ ಅವ್ವ ಹಿಂಗ ಅಂದ್ಲೋ, ನೀನ ಹೇಳಾಕತ್ತೀಯೋ?" ಎಂದೂ ಕೇಳಿದರು. ಅತ್ತೆ ಹಾಸಿಗೆಯಿಂದಲೇ ಕೈಯೆತ್ತಿ ಮಗನಿಗೆ ಹೊಡೆಯುವಂತೆ ಮಾಡಿದರು.

ಪುಣೆಯವರ ಕೆಲಸ ಹೇಗೋ ನಡೆಯುತ್ತಿತ್ತು. ನಡುನಡುವೆ ಎದ್ದು ಅಂಬಲಿಯನ್ನೋ ಬೇಳೆಯ ಕಟ್ಟನ್ನೋ ತೆಳುಬಟ್ಟೆಯಲ್ಲಿ ಸೋಸಿ, ಸಿರಿಂಜಿಗೆ ತುಂಬಿ, ನಳಿಕೆಗೆ ಮೆಲ್ಲಗೆ ಬಿಡಬೇಕು. ಒಂದು ಗಂಟು ಸಿಕ್ಕಿಕೊಂಡರೂ ಕಷ್ಟ. ಅದಕ್ಕೆ ಒಗ್ಗರಣೆ ಹಾಕುವ ಪ್ರಶ್ನೆಯೇ ಇಲ್ಲ. ನಾನು ನನಗಾಗಿ ಅಡಿಗೆ ಮಾಡುವುದನ್ನು ಬಿಟ್ಟೆ. ಗಂಡನಿಗೆ ಬೆಳಿಗ್ಗೆ ಅತ್ತೆ ಏಳುವ ಮೊದಲೇ ಡಬ್ಬಿ ಕಟ್ಟಿ, ಪಾತ್ರೆ ತೊಳೆದಿಟ್ಟು, ಹಗಲೆಲ್ಲ ಬಿಸ್ಕೀಟು ಚಹ. ಅದೂ ಹೆಡ್‌ಫೋನ್ ಹಾಕಿಕೊಂಡು ಗೋಡೆಯ ಕಡೆ ಮುಖ ಮಾಡಿ. ನಳಿಕೆ ಹಾಕಿಕೊಂಡು ಮಲಗಿದವರ ಮುಂದೆ ಅಗಿಯುವ ಸದ್ದು ಮಾಡುವುದು ನನ್ನಿಂದ ಆಗುತ್ತಿರಲಿಲ್ಲ.

ಅವರಿಗೆ ಗೊತ್ತಾಗದೆ ಇರುತ್ತದೆಯೆ? ಒಂದು ದಿನ ಕರೆದು ಹತ್ತಿರ ಕೂರಿಸಿಕೊಂಡು ಕೇಳಿದರು. ಅವರ ಮಾತನ್ನು ನನಗೆ ಕೇಳಿದ ಹಾಗೆ ಬರೆಯುತ್ತೇನೆ.

"ಒಗ್ಗರಣಿ ವಾಸನಿ ಯಾಕ ಬರವಲ್ತು? ನನ್ನ ನಾಲಿಗಿ ಕೊಯ್ದಾರ, ಮೂಗ ಕೊಯ್ದಿಲ್ಲ."

"ನನಗ ಹಸಿವಿ ಆಗಂಗಿಲ್ರಿ" ಅಂದೆ.

"ಸುಳ್ಳ ಹೇಳಬ್ಯಾಡ. ಬದನಿಕಾಯಿ ಐತಿ. ಎಣ್ಣಿಗಾಯಿ ಮಾಡು. ಇಲ್ಲೇ ಕುಂತು ತಿನ್ನ."

ಮಾಡಿದೆ. ಶೇಂಗಾ ಪುಡಿ, ಗುರೆಳ್ಳು, ಹುಣಸೆ, ಬೆಲ್ಲ ತುಂಬಿ, ಎಣ್ಣೆಯಲ್ಲಿ ಮೆತ್ತಗೆ ಬೇಯಿಸಿ, ರೊಟ್ಟಿ ಬಡಿದು, ತಟ್ಟೆ ತಂದು ಅವರ ಹಾಸಿಗೆಯ ಪಕ್ಕ ಕುಳಿತು ತಿಂದೆ. ಅವರು ನೋಡುತ್ತಿದ್ದರು. ಉಪ್ಪು ಸರಿಯಿದೆಯೇ, ಹುಣಸೆ ಮುಂದಾಗಿದೆಯೇ, ಬದನೆಯ ತೊಟ್ಟು ಬೆಂದಿದೆಯೇ ಎಂದು ಕೇಳಿದರು. ನಾನು ಹೇಳಿದೆ. ಮೊದಲ ದಿನ ಗಂಟಲಲ್ಲಿ ಇಳಿಯಲಿಲ್ಲ. ಮರುದಿನ ಇಳಿಯಿತು. ಆಮೇಲೆ ನಿಜಕ್ಕೂ ರುಚಿಯಾಗತೊಡಗಿತು. ಅವರು ಹೇಳಿಕೊಟ್ಟ ಹಾಗೆ ಮಾಡಿದ್ದಲ್ಲವೇ? ಹನ್ನೊಂದರ ಹೊತ್ತು ತಿರುಗಿ ಬಂತು ಎಂದು ನನಗೆ ಒಂದು ನಮೂನೆಯ ಸಂತೋಷವೂ ಆಗಿತ್ತು.

ದೀಪಾವಳಿಯವರೆಗೆ ಮಿರಜಕ್ಕೆ ಕರೆಂಟಿಗೆ ಹೋಗಿ ಬಂದೆವು. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಮಂದಿ ಕರೆಂಟು ಕೊಡುವುದು ಅನ್ನುತ್ತಾರೆ. ಅದು ಕೊಟ್ಟ ಮೇಲೆ ಅವರ ಕುತ್ತಿಗೆಯ ಚರ್ಮ ಸುಟ್ಟ ರೊಟ್ಟಿಯಂತೆ ಕಪ್ಪಾಯಿತು. ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಆ ದಿನಗಳಲ್ಲೇ ಒಮ್ಮೆ ನಾನು ಕಡಲೆಹಿಟ್ಟಿನ ಜುಣಕ ಮಾಡಿಕೊಂಡು ಬಂದು ಕುಳಿತಿದ್ದೆ. ಎರಡು ತುತ್ತು ತಿಂದು, "ಇವತ್ತ ಭಾಳ ಚಲೋ ಆಗೇತ್ರಿ" ಅಂದೆ.

ಅತ್ತೆ ಕಾಲಿನಿಂದ ತಟ್ಟೆಯನ್ನು ಒದ್ದರು. ಜುಣಕ ನನ್ನ ಸೀರೆಯ ಮೇಲೆ, ಗೋಡೆಯ ಮೇಲೆ. ಅವರು ಮುಖ ಆ ಕಡೆ ತಿರುಗಿಸಿ ಹೊದ್ದುಕೊಂಡರು. ಹೊದಿಕೆ ಅಲುಗುತ್ತಿತ್ತು. ನಾನು ನೆಲ ಒರೆಸಿ, ಸೀರೆ ಬದಲಿಸಿ, ಹೊತ್ತಿಗೆ ಸರಿಯಾಗಿ ನಳಿಕೆಗೆ ಅಂಬಲಿ ಬಿಟ್ಟೆ. ಮರುದಿನದಿಂದ ನಾನು ಅಡಿಗೆಮನೆಯಲ್ಲೇ ನಿಂತುಕೊಂಡು ತಿಂದೆ. ಅವರೂ ಕರೆಯಲಿಲ್ಲ.

ಚಳಿ ಬಿದ್ದ ಮೇಲೆ ದವಡೆಯ ಕೆಳಗೆ ಗಂಟು ಕಾಣಿಸಿತು. ಮಿರಜದ ಡಾಕ್ಟರು ಅದನ್ನು ಮುಟ್ಟಿ ನೋಡಿ, ಅತ್ತೆಯನ್ನು ಹೊರಗೆ ಕೂರಿಸಲು ಹೇಳಿ, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದರು. ನಾವು ಹೊರಗೆ ಬಂದಾಗ ಅತ್ತೆ ನನ್ನ ಮುಖ ನೋಡಿ, "ಸಾಕಂದನೇನು?" ಎಂದು ಕೇಳಿದರು. ಗಂಡ ನನ್ನನ್ನು "ಏನಂದ್ಲು?" ಎಂದು ಕೇಳಿದರು. ನಾನು ಅತ್ತೆಯ ಸೆರಗು ಸರಿಮಾಡಿ, ಕೈ ಹಿಡಿದು ಬಸ್ಸಿನ ಕಡೆ ನಡೆಸಿಕೊಂಡು ಹೋದೆ.

ಎಳೆ ಜೋಳ ಹಾಲುಗಟ್ಟುವ ಕಾಲ ಅದು. ಪಕ್ಕದ ಮನೆಯವಳು ತಮ್ಮ ಹೊಲದ ಸೀತನಿ ಸುಟ್ಟು ತಂದುಕೊಟ್ಟಳು. ತೆನೆಯನ್ನು ಕೆಂಡದಲ್ಲಿ ಸುಟ್ಟು ಬಿಸಿಯಿರುವಾಗಲೇ ಕೈಯಲ್ಲಿ ತಿಕ್ಕಿ ತೆಗೆದ ಹಸಿರು ಕಾಳು. ಮನೆಯೆಲ್ಲ ಅದರ ವಾಸನೆ ತುಂಬಿತು. ಅತ್ತೆ ಎದ್ದು ಕುಳಿತು ಕೈ ಚಾಚಿದರು.

"ಬ್ಯಾಡ್ರಿ ಅತ್ತಿ, ನುಂಗಾಕ ಬರಂಗಿಲ್ಲ" ಅಂದೆ.

"ನುಂಗಂಗಿಲ್ಲ. ಬಾಯಾಗ ಹಾಕು."

ನಾಲ್ಕಾರು ಕಾಳನ್ನು ಅವರ ಬಲಗಡೆಯ ಹಲ್ಲುಗಳ ನಡುವೆ ಬೆರಳಿನಿಂದ ಇಟ್ಟೆ. ಅವರು ಕಣ್ಣು ಅರ್ಧ ಮುಚ್ಚಿ ಬಹಳ ಹೊತ್ತು ಅಗಿದರು. ಆಮೇಲೆ ಬಟ್ಟಲು ತೋರಿಸಿದರು. ಹಿಡಿದೆ. ಉಗುಳಿದ್ದರಲ್ಲಿ ಹಸಿರು ಕಾಳಿನ ಜೊತೆ ರಕ್ತವಿತ್ತು. ಅವರು ಅದನ್ನು ನೋಡಿಯೂ ನೋಡದವರಂತೆ ಮತ್ತೆ ಬಾಯಿ ತೆರೆದರು, ಎರಡು ಬೆರಳಷ್ಟು. ನಾನು ಮತ್ತೆ ಇಟ್ಟೆ.

ಮುಂದಿನ ದಿನಗಳಲ್ಲಿ ಬೆಲ್ಲ, ಬೇಯಿಸಿದ ಶೇಂಗಾ, ಕೊನೆಗೆ ಒಂದು ಚೂರು ಹಸಿಮೆಣಸಿನಕಾಯಿ ಕೂಡ. ಮೆಣಸಿನಕಾಯಿ ಇಟ್ಟ ದಿನ ಅವರು ನೋವಿಗೆ ನನ್ನ ಮೊಣಕೈ ಹಿಡಿದು ಉಗುರು ಊರಿದರು, ಆದರೂ ಉಗುಳಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಆ ಮುಖದಲ್ಲಿ ಇದ್ದದ್ದು ಸುಖವೋ ಸಂಕಟವೋ ಹೇಳಲು ನನಗೆ ಆಗುವುದಿಲ್ಲ.

ಒಂದು ಭಾನುವಾರ ಗಂಡ ಆ ಬಟ್ಟಲನ್ನು ನೋಡಿಬಿಟ್ಟರು.

"ಇಕಿಗೆ ಏನ್ ತಿನಸಾಕತ್ತೀ? ರಕ್ತ ನೋಡಿಲ್ಲೇನು? ಲಗೂನ ಸಾಯ್ಲಿ ಅಂತ ಮಾಡೀಯೇನು?" ಎಂದು ಕೂಗಾಡಿದರು. ಬಟ್ಟಲನ್ನು ಎತ್ತಿ ಅಂಗಳಕ್ಕೆ ಎಸೆದರು.

ಅತ್ತೆ ಗಂಟಲೆತ್ತಿ ಏನೋ ಅಂದರು. ಗಂಡ ನನ್ನ ಕಡೆ ತಿರುಗಿದರು. ಸಿಟ್ಟಿನಲ್ಲೂ ನನ್ನನ್ನೇ ಕೇಳಬೇಕಲ್ಲ.

"ನನ್ನ ಬಾಯಿ ಇದು, ಅಂದ್ರು" ಎಂದೆ.

ಅವರು ನಂಬದವರಂತೆ ತಾಯಿಯನ್ನು ನೋಡಿದರು. ಅತ್ತೆ ಬೆರಳನ್ನು ತಮ್ಮ ತುಟಿಗೆ ಒತ್ತಿ, ಅದೇ ಮಾತನ್ನು ಮತ್ತೆ, ಬಿಡಿಸಿ ಬಿಡಿಸಿ ಅಂದರು. ಈ ಸಲ ಮಗನಿಗೂ ತಿಳಿಯಿತು ಎಂದು ಕಾಣುತ್ತದೆ. ಅವರು ಅಂಗಳಕ್ಕೆ ಹೋಗಿ ಬಟ್ಟಲನ್ನು ಎತ್ತಿಕೊಂಡು, ತೊಳೆದು ತಂದು, ತಾಯಿಯ ದಿಂಬಿನ ಹತ್ತಿರ ಇಟ್ಟು ಹೊರಗೆ ಹೋದರು.

ಶಿವರಾತ್ರಿಗೆ ಮುಂಚೆ ಅತ್ತೆ ತೀರಿಕೊಂಡರು. ಬೆಳಗಿನ ಹೊತ್ತು. ಗಂಡ ಬಸ್ಸಿಗೆ ಹೋಗಿಯಾಗಿತ್ತು. ನಾನು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಅವರ ಕೈಕಾಲು ಒರೆಸುತ್ತಿದ್ದೆ. ಅವರು ಕಣ್ಣು ತೆರೆದು ಒಂದು ಮಾತು ಹೇಳಿದರು. ನಾನು ಎದ್ದು ಒಳಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಉಸಿರು ನಿಂತಿತ್ತು.

ನಮ್ಮ ಪದ್ಧತಿಯಂತೆ ಅವರನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಹೊಲದಲ್ಲೇ ಮಾವನ ಪಕ್ಕ ಮಣ್ಣು ಮಾಡಿದೆವು. ಕೂರಿಸುವಾಗ ನಾನು ಮೂಗಿನ ನಳಿಕೆಯನ್ನು ತೆಗೆಯುತ್ತೇನೆಂದು ಮುಂದೆ ಬಂದೆ. ಅದನ್ನು ಎಳೆದು ತೆಗೆದ ಮೇಲೆ ಗಲ್ಲದ ಮೇಲೆ ಅಂಟಿನ ಗುರುತು ಉಳಿದಿತ್ತು. ಎಷ್ಟು ಒರೆಸಿದರೂ ಹೋಗಲಿಲ್ಲ. ಕ್ರಿಯೆಗಳೆಲ್ಲ ಮುಗಿದು ಜಂಗಮರ ಊಟವಾಗಿ ಬೀಗರು ಹೊರಟುಹೋದರು. ಪುಣೆಯ ಕಚೇರಿಯವರು ನಾನು ಬಹಳ ದಿನ ಉತ್ತರ ಕೊಡಲಿಲ್ಲವೆಂದು ನನ್ನ ಕಡತಗಳನ್ನು ಬೇರೆ ಯಾರಿಗೋ ಕೊಟ್ಟಿದ್ದರು. ನಾನು ಖಾಲಿ ಕುಳಿತಿದ್ದೆ.

ಅಂಥ ಒಂದು ಮಧ್ಯಾಹ್ನ ಗಂಡ ಹೇಳದೆ ಕೇಳದೆ ಮನೆಗೆ ಬಂದರು. ಭಾನುವಾರ ಬಿಟ್ಟರೆ ಅವರು ಹಗಲಿನಲ್ಲಿ ಮನೆಯಲ್ಲಿ ಉಂಡವರಲ್ಲ.

"ಅಂಗಡ್ಯಾಗ ಮನಸ್ಸ ನಿಲ್ಲವಲ್ತು. ಉಣ್ಣಾಕೇನೈತಿ?" ಎಂದು ಕೇಳಿದರು.

ಏನೂ ಇರಲಿಲ್ಲ. ನಾನು ಒಲೆಯನ್ನೇ ಹಚ್ಚಿರಲಿಲ್ಲ. ಅವರು ಕೈಕಾಲು ತೊಳೆದು ಬಂದು ತಾವೇ ಉಳ್ಳಾಗಡ್ಡಿ ಹೆಚ್ಚಿದರು, ದಪ್ಪ ದಪ್ಪ. ನಾನು ಅನ್ನಕ್ಕಿಟ್ಟೆ. ಅಕ್ಕಿ ಅರ್ಧ ಬೆಂದಿತ್ತು, ಸಾರಿಗೆ ಉಪ್ಪು ಹೆಚ್ಚಾಗಿತ್ತು. ಎದುರುಬದುರು ಕುಳಿತು ಉಂಡೆವು. ಎರಡನೇ ಸಲ ಅನ್ನ ಹಾಕಿಸಿಕೊಳ್ಳುವಾಗ ಅವರು ತಟ್ಟೆ ನೋಡುತ್ತಲೇ ಕೇಳಿದರು.

"ಕೊನೀಗೆ ಅವ್ವ ಏನೋ ಅಂದ್ಲು ಅಂತ ಹೇಳಿದ್ದೆಲ್ಲ ಅವತ್ತ. ಏನಂದ್ಲು?"

ಅವರು ಇಷ್ಟು ದಿನ ಆ ಮಾತನ್ನು ಕೇಳದೆ ಇಟ್ಟುಕೊಂಡಿದ್ದರು. ತಾಯಿ ತಮ್ಮ ಹೆಸರನ್ನೇನಾದರೂ ಹೇಳಿದರೋ, ತಮಗಾಗಿ ಏನಾದರೂ ಬಿಟ್ಟುಹೋದರೋ ಎಂಬ ಆಸೆ ಆ ಮುಖದಲ್ಲಿತ್ತು. ಹೌದು ಅಂದುಬಿಡಲೇ ಎಂದು ನನಗೆ ಒಂದು ಕ್ಷಣ ಅನ್ನಿಸಿತು. ಆದರೆ ಅಷ್ಟು ತಿಂಗಳು ಅತ್ತೆ ಅಂದದ್ದನ್ನು ಅಂದ ಹಾಗೇ ಹೇಳಿಕೊಂಡು ಬಂದವಳು ನಾನು.

"ಒಲಿ ಮ್ಯಾಲೆ ಹಾಲ ಐತಿ, ನೋಡು, ಅಂದ್ರು" ಎಂದೆ.

ಗಂಡನ ಕೈ ಅನ್ನದ ಮೇಲೆ ನಿಂತಿತು. ಅವರು ಅಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು, "ಉಕ್ಕಿತ್ತೇನು?"

"ಹೂಂ. ನಾ ಹೋಗೋದ್ರಾಗ ಉಕ್ಕಿತ್ತು."

ಅವರು ತಲೆಯಾಡಿಸಿ, ತಟ್ಟೆಯಲ್ಲಿದ್ದ ಅನ್ನವನ್ನು ಕಲಸಿಕೊಂಡು ಉಂಡು ಮುಗಿಸಿದರು. ಆಮೇಲೆ ಎರಡೂ ತಟ್ಟೆಗಳನ್ನು ತೆಗೆದುಕೊಂಡು ಹಿತ್ತಲಿಗೆ ಹೋದರು.